ನವೆಂಬರ್ 14ರ ಇನ್ನೊಂದು ಜನ್ಮದಿನ: ಸರ್ ಫ್ರೆಡರಿಕ್ ಬ್ಯಾಂಟಿಂಗ್

ಪ್ರತಿವರ್ಷ ನವೆಂಬರ್ 14ರಂದು ನಮ್ಮ ಶಾಲೆಯ ಅಂಗಳದಲ್ಲಿ ಮಕ್ಕಳ ದಿನಾಚರಣೆ ನಡೆಯುತ್ತದೆ. ಪಂಡಿತ ಜವಾಹರಲಾಲ್ ನೆಹರೂ ಅವರ ಭಾವಚಿತ್ರಕ್ಕೆ ಮಾಲೆ ಹಾಕಿ, ಮಕ್ಕಳ ಹಾಡು, ಭಾಷಣ, ಓಟದ ಸ್ಪರ್ಧೆಗಳನ್ನು ನಡೆಸಿ, ಕೊನೆಗೆ ಸಿಹಿ ಹಂಚುವುದು ಬಹುಕಾಲದಿಂದ ನಡೆದು ಬಂದ ರೂಢಿ. ಅದೇ ದಿನ ಇನ್ನೊಬ್ಬ ಮಹನೀಯರ ಜನ್ಮದಿನವೂ ಹೌದೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಅವರು ಕೆನಡಾ ದೇಶದ ವೈದ್ಯ ಸರ್ ಫ್ರೆಡರಿಕ್ ಗ್ರಾಂಟ್ ಬ್ಯಾಂಟಿಂಗ್. ಮಧುಮೇಹಕ್ಕೆ ಇನ್ಸುಲಿನ್ ಎಂಬ ಔಷಧವನ್ನು ಜಗತ್ತಿಗೆ ದೊರಕಿಸಿಕೊಟ್ಟವರಲ್ಲಿ ಮೊದಲಿಗರು. ಅವರ ಜನ್ಮದಿನವನ್ನು 1991ರಿಂದ ವಿಶ್ವ ಮಧುಮೇಹ ದಿನವಾಗಿ ಆಚರಿಸಲಾಗುತ್ತಿದ್ದು, 2006ರಲ್ಲಿ ವಿಶ್ವಸಂಸ್ಥೆಯೂ ಅದಕ್ಕೆ ಮನ್ನಣೆ ನೀಡಿತು.

ಶತಮಾನೋತ್ಸವದ ಸಂಚಿಕೆಯಲ್ಲಿ ದೂರದೇಶದ ವೈದ್ಯರೊಬ್ಬರ ಚರಿತ್ರೆ ಏಕೆಂದು ಓದುಗರು ಕೇಳಬಹುದು. ಅದಕ್ಕೆ ಕಾರಣ ನಮ್ಮ ಶಾಲೆಯಲ್ಲಿಯೇ ನಡೆದ ಒಂದು ಘಟನೆ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ ಪಾಠದ ನಡುವೆ ಪದೇ ಪದೇ ಎದ್ದು ಹೊರಗೆ ಹೋಗಲು ಅನುಮತಿ ಕೇಳುತ್ತಿದ್ದಳು. ಮನೆಯಿಂದ ತಂದ ನೀರಿನ ಬಾಟಲಿ ಮೊದಲ ಅವಧಿಯಲ್ಲೇ ಬರಿದಾಗುತ್ತಿತ್ತು. ಚುರುಕಾಗಿದ್ದ ಹುಡುಗಿ ಮಧ್ಯಾಹ್ನದ ತರಗತಿಯಲ್ಲಿ ಮೇಜಿನ ಮೇಲೆ ತಲೆಯಿಟ್ಟು ಮಲಗತೊಡಗಿದಳು. ಪಾಠ ತಪ್ಪಿಸಿಕೊಳ್ಳುವ ನೆಪವೆಂದು ಭಾವಿಸಿ ನಾವು ಗದರಿದೆವು. ಒಂದೆರಡು ಸಲ ಅನುಮತಿಯನ್ನೂ ನಿರಾಕರಿಸಿದೆವು. ಸಮವಸ್ತ್ರ ಮೈಮೇಲೆ ಸಡಿಲವಾಗುತ್ತಿದ್ದುದು ಕಣ್ಣಿಗೆ ಬಿದ್ದರೂ ಬೆಳೆಯುವ ವಯಸ್ಸೆಂದು ಸುಮ್ಮನಾದೆವು. ಒಂದು ಸೋಮವಾರ ಅವಳು ಬರಲಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡು, ಮನೆಯವರು ದೃಷ್ಟಿ ತೆಗೆದು ಒಂದು ದಿನ ಕಾದು, ಅನಂತರ ಆಸ್ಪತ್ರೆಗೆ ಹೊತ್ತೊಯ್ದಿದ್ದರು. ಅಲ್ಲಿಂದ ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಇಳಿಸಿ ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ ಅದು ಮಧುಮೇಹವೆಂದು ಗೊತ್ತಾಯಿತು. ಹುಡುಗಿ ಬದುಕಿದಳು. ಬದುಕಿಸಿದ ಔಷಧ ಇನ್ಸುಲಿನ್. ಆ ದಿನದಿಂದ ಬ್ಯಾಂಟಿಂಗರ ಚರಿತ್ರೆ ನಮಗೆ ಬರಿಯ ವಿಜ್ಞಾನದ ಪಾಠವಾಗಿ ಉಳಿಯಲಿಲ್ಲ.

ಬಾಲ್ಯ, ವಿದ್ಯಾಭ್ಯಾಸ

ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ ಆಲಿಸ್ಟನ್ ಎಂಬ ಊರಿನ ಸಮೀಪದ ಒಂದು ಹೊಲಮನೆಯಲ್ಲಿ. ತಂದೆ ವಿಲಿಯಂ, ತಾಯಿ ಮಾರ್ಗರೆಟ್. ದನಕರು, ಕುದುರೆ, ಬಿತ್ತನೆ, ಕೊಯ್ಲು ಇವೇ ಅವರ ಬಾಲ್ಯದ ಪರಿಸರ. ಮನೆಯ ಕಿರಿಯ ಮಗನಾದ ಅವರು ಸಂಕೋಚ ಸ್ವಭಾವದವರು. ತರಗತಿಯಲ್ಲಿ ಮೇಲ್ಪಂಕ್ತಿಯ ವಿದ್ಯಾರ್ಥಿಯೆಂದು ಹೆಸರು ಪಡೆದವರಲ್ಲ. ಪ್ರತಿಯೊಂದು ಪರೀಕ್ಷೆಯನ್ನೂ ಬೆವರು ಸುರಿಸಿಯೇ ದಾಟಬೇಕಾಯಿತು.

ಮಗ ಧರ್ಮಬೋಧಕನಾಗಲೆಂಬುದು ಮನೆಯವರ ಅಪೇಕ್ಷೆಯಾಗಿತ್ತು. ಅದರಂತೆ 1910ರಲ್ಲಿ ಟೊರಾಂಟೊ ನಗರದ ಕಾಲೇಜೊಂದರಲ್ಲಿ ಕಲಾ ವಿಭಾಗಕ್ಕೆ ಸೇರಿದರು. ಮೊದಲ ವರ್ಷದಲ್ಲೇ ಅನುತ್ತೀರ್ಣರಾದರು. ಆ ಮಾರ್ಗವನ್ನು ಬಿಟ್ಟು 1912ರಲ್ಲಿ ವೈದ್ಯಶಾಸ್ತ್ರಕ್ಕೆ ತಿರುಗಿದರು. ಅವರು ಓದುತ್ತಿದ್ದಾಗಲೇ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಸೈನ್ಯಕ್ಕೆ ವೈದ್ಯರು ತುರ್ತಾಗಿ ಬೇಕಾಗಿದ್ದುದರಿಂದ ಅವರ ತರಗತಿಯ ಪಾಠಗಳನ್ನು ಸಂಕ್ಷೇಪಗೊಳಿಸಿ 1916ರ ಡಿಸೆಂಬರಿನಲ್ಲಿಯೇ ಪದವಿ ನೀಡಲಾಯಿತು. 1918ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಕಾಂಬ್ರೇ ರಣರಂಗದಲ್ಲಿ ಸಿಡಿಗುಂಡಿನ ಚೂರು ಅವರ ಬಲತೋಳಿಗೆ ಹೊಕ್ಕಿತು. ಆ ಗಾಯದಲ್ಲಿಯೇ ಅವರು ಇತರ ಗಾಯಾಳುಗಳ ಶುಶ್ರೂಷೆಯನ್ನು ಗಂಟೆಗಟ್ಟಲೆ ಮುಂದುವರಿಸಿದರು. ಈ ಧೈರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕ ದೊರೆಯಿತು.

ಯುದ್ಧಾನಂತರ ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದರೂ ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1920ರ ಜುಲೈಯಲ್ಲಿ ಒಂಟಾರಿಯೊದ ಲಂಡನ್ ಎಂಬ ಪಟ್ಟಣದಲ್ಲಿ ಒಂದು ಮನೆ ಕೊಂಡು ಸ್ವಂತ ವೈದ್ಯವೃತ್ತಿ ಆರಂಭಿಸಿದರು. ವಾರಗಟ್ಟಲೆ ರೋಗಿಗಳು ಬಾಗಿಲು ತಟ್ಟಲಿಲ್ಲ. ಮೊದಲ ತಿಂಗಳ ಸಂಪಾದನೆ ನಾಲ್ಕು ಡಾಲರು. ಜೀವನ ಸಾಗಿಸಲು ಸಮೀಪದ ವೈದ್ಯಕೀಯ ಶಾಲೆಯಲ್ಲಿ ಅರೆಕಾಲಿಕ ಬೋಧಕರಾದರು. ಜಗತ್ತಿಗೆ ಆದ ಉಪಕಾರ ಈ ಬೋಧನೆಯ ಕೆಲಸದಿಂದಲೇ ಆರಂಭವಾಯಿತೆಂಬುದು ಶಿಕ್ಷಕರಾದ ನಮಗೆ ಸಂತೋಷದ ಸಂಗತಿ.

ಒಂದು ರಾತ್ರಿಯ ಆಲೋಚನೆ

1920ರ ಅಕ್ಟೋಬರ್ 30ರ ರಾತ್ರಿ ಬ್ಯಾಂಟಿಂಗ್ ಮರುದಿನಗಳ ಪಾಠಕ್ಕಾಗಿ ಸಿದ್ಧತೆ ನಡೆಸುತ್ತಿದ್ದರು. ವಿಷಯ, ನಾವು ತಿನ್ನುವ ಹಿಟ್ಟು ಸಕ್ಕರೆಗಳು ದೇಹದಲ್ಲಿ ಹೇಗೆ ಬಳಕೆಯಾಗುತ್ತವೆಂಬುದು. ಅವರಿಗೂ ಅದು ಅಷ್ಟಾಗಿ ತಿಳಿದ ವಿಷಯವಾಗಿರಲಿಲ್ಲ. ಅಂದು ಅವರು ಓದಿದ್ದೇನೆಂಬುದನ್ನು ಅರಿಯಲು ನಾವೂ ಆ ಪಾಠವನ್ನು ಸ್ವಲ್ಪ ತಿಳಿಯಬೇಕು.

ನಾವು ಉಂಡ ಮುದ್ದೆ, ಅನ್ನ, ರೊಟ್ಟಿ ಎಲ್ಲವೂ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ಈ ಸಕ್ಕರೆಯೇ ದೇಹದ ಸೌದೆ. ಆದರೆ ಇದು ರಕ್ತದಲ್ಲಿದ್ದರೆ ಸಾಲದು; ಸ್ನಾಯು ಮುಂತಾದ ಅಂಗಗಳ ಜೀವಕೋಶಗಳ ಒಳಹೊಕ್ಕಾಗ ಮಾತ್ರ ಶಕ್ತಿಯಾಗುತ್ತದೆ. ಆ ಬಾಗಿಲನ್ನು ತೆರೆಯುವ ಕೀಲಿಕೈಯೇ ಇನ್ಸುಲಿನ್. ಜಠರದ ಹಿಂಭಾಗದಲ್ಲಿ ಅಡ್ಡವಾಗಿ ಮಲಗಿರುವ ಮೇದೋಜ್ಜೀರಕ ಗ್ರಂಥಿ ಇದನ್ನು ತಯಾರಿಸುತ್ತದೆ. ಈ ಗ್ರಂಥಿಗೆ ಎರಡು ಕೆಲಸ. ಒಂದು, ಜೀರ್ಣರಸವನ್ನು ನಾಳದ ಮೂಲಕ ಕರುಳಿಗೆ ಹರಿಸುವುದು. ಇನ್ನೊಂದು, ತನ್ನೊಳಗೆ ದ್ವೀಪಗಳಂತೆ ಚದುರಿರುವ ಕೋಶಗಳ ಗುಂಪುಗಳಿಂದ ಇನ್ಸುಲಿನ್ನನ್ನು ನೇರವಾಗಿ ರಕ್ತಕ್ಕೆ ಬಿಡುವುದು. 1869ರಲ್ಲಿ ಜರ್ಮನಿಯ ಲ್ಯಾಂಗರ್‌ಹಾನ್ಸ್ ಎಂಬ ವಿದ್ಯಾರ್ಥಿ ಈ ದ್ವೀಪಗಳನ್ನು ಗುರುತಿಸಿದ್ದರು. 1889ರಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವಿಜ್ಞಾನಿಗಳು ಈ ಗ್ರಂಥಿಯನ್ನು ತೆಗೆದ ನಾಯಿಗೆ ಮಧುಮೇಹ ಬರುವುದನ್ನು ತೋರಿಸಿದ್ದರು. ಆದರೆ ಗ್ರಂಥಿಯ ಸಾರವನ್ನು ರೋಗಿಗೆ ಕೊಡುವ ಪ್ರಯತ್ನಗಳು ಬಳಕೆಗೆ ಬರುವ ಔಷಧವಾಗಿ ಫಲಿಸಿರಲಿಲ್ಲ.

ಆ ರಾತ್ರಿ ಬ್ಯಾಂಟಿಂಗ್ ಓದಿದ ಲೇಖನದಲ್ಲಿ, ಕಲ್ಲಿನಿಂದ ನಾಳ ಮುಚ್ಚಿಹೋದ ಗ್ರಂಥಿಯಲ್ಲಿ ಜೀರ್ಣರಸದ ಭಾಗ ಬಾಡಿಹೋದರೂ ದ್ವೀಪಗಳು ಉಳಿದಿದ್ದ ಸಂಗತಿ ಇತ್ತು. ಹಾಗಾದರೆ ನಾಯಿಯ ಗ್ರಂಥಿಯ ನಾಳವನ್ನು ಕಟ್ಟಿ, ಜೀರ್ಣರಸದ ಭಾಗ ಬಾಡುವವರೆಗೆ ಕಾದು, ಉಳಿದ ದ್ವೀಪಗಳಿಂದ ಸಾರ ತೆಗೆಯಬಹುದಲ್ಲವೇ ಎಂದು ಅವರಿಗೆ ಹೊಳೆಯಿತು. ನಿದ್ದೆ ಬಾರದೆ, ರಾತ್ರಿ ಎರಡು ಗಂಟೆಯ ಸುಮಾರಿಗೆ ಎದ್ದು ಪುಸ್ತಕದಲ್ಲಿ ಕೆಲವೇ ಸಾಲುಗಳಲ್ಲಿ ಅದನ್ನು ಗುರುತು ಹಾಕಿಕೊಂಡರು. ಅವಸರದಲ್ಲಿ ರೋಗದ ಹೆಸರಿನ ಕಾಗುಣಿತವನ್ನೂ ತಪ್ಪಾಗಿ ಬರೆದಿದ್ದರು. ಕಾಗುಣಿತಕ್ಕಾಗಿ ಮಕ್ಕಳನ್ನು ತಿದ್ದುವ ನಾವು ಇದನ್ನು ನೆನೆದು ಮುಗುಳ್ನಗದಿರಲಾರೆವು.

ಟೊರಾಂಟೊದ ಬೇಸಿಗೆ

ಈ ಆಲೋಚನೆಯೊಂದಿಗೆ ಅವರು ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮ್ಯಾಕ್ಲಿಯೋಡ್ ಅವರ ಬಳಿಗೆ ಹೋದರು. ಮ್ಯಾಕ್ಲಿಯೋಡ್ ಈ ವಿಷಯದಲ್ಲಿ ಪ್ರಸಿದ್ಧ ವಿದ್ವಾಂಸರು. ಸಂಶೋಧನೆಯ ಅನುಭವವೇ ಇಲ್ಲದ ಯುವ ವೈದ್ಯನ ಮಾತು ಅವರಿಗೆ ಅಷ್ಟಾಗಿ ನಂಬಿಕೆ ಹುಟ್ಟಿಸಲಿಲ್ಲ. ಆದರೂ ಪ್ರಯೋಗಾಲಯದಲ್ಲಿ ಸ್ಥಳ, ಕೆಲವು ನಾಯಿಗಳು ಮತ್ತು ಒಬ್ಬ ಸಹಾಯಕನನ್ನು ಒದಗಿಸಲು ಒಪ್ಪಿದರು. ಇಬ್ಬರು ವಿದ್ಯಾರ್ಥಿಗಳಲ್ಲಿ ಮೊದಲು ಯಾರು ಸೇರಬೇಕೆಂಬುದು ನಾಣ್ಯ ಚಿಮ್ಮಿ ತೀರ್ಮಾನವಾಯಿತು. ಹಾಗೆ ಬಂದವರು 22 ವರ್ಷದ ಚಾರ್ಲ್ಸ್ ಬೆಸ್ಟ್.

1921ರ ಮೇ 17ರಂದು ಕೆಲಸ ಆರಂಭವಾಯಿತು. ಬೇಸಿಗೆಯ ಧಗೆ, ಇಕ್ಕಟ್ಟಾದ ಕೋಣೆ, ಕೈಯಲ್ಲಿ ಸಂಬಳವಿಲ್ಲ. ಅನೇಕ ನಾಯಿಗಳು ಸತ್ತವು. ಬ್ಯಾಂಟಿಂಗರಿಗೆ ಆ ಪ್ರಾಣಿಗಳ ಮೇಲೆ ಮಮತೆ ಇತ್ತು. ಅವುಗಳ ಬಲಿಯನ್ನು ಮರೆತು ಈ ಚರಿತ್ರೆಯನ್ನು ಹೇಳಲಾಗದು. ಜುಲೈ ತಿಂಗಳ ಕೊನೆಗೆ, ಮಧುಮೇಹ ಬರಿಸಿದ ನಾಯಿಗೆ ತಾವು ತೆಗೆದ ಸಾರವನ್ನು ಚುಚ್ಚಿದಾಗ ರಕ್ತದ ಸಕ್ಕರೆ ಇಳಿಯಿತು. ಅನಂತರದ ಪ್ರಯೋಗಗಳಲ್ಲಿ ಗ್ರಂಥಿಯಿಲ್ಲದ ನಾಯಿಯೊಂದು ಈ ಸಾರದ ಬಲದಿಂದ ಸುಮಾರು 70 ದಿನ ಬದುಕಿತು. ನಾಳ ಕಟ್ಟಿ ಕಾಯುವ ಅಗತ್ಯವಿಲ್ಲ, ಕಸಾಯಿಖಾನೆಯ ದನಗಳ ಗ್ರಂಥಿಯಿಂದಲೇ ಮದ್ಯಸಾರ ಬಳಸಿ ಸಾರ ತೆಗೆಯಬಹುದೆಂಬುದೂ ಗೊತ್ತಾಯಿತು. ಅಂದರೆ ಆ ರಾತ್ರಿಯ ಆಲೋಚನೆ ಪೂರ್ತಿ ಸರಿಯಾಗಿರಲಿಲ್ಲ. ಆದರೂ ಅದನ್ನು ಹಿಡಿದು ಹೊರಟವರು ಸರಿಯಾದ ಕಡೆಗೇ ತಲುಪಿದರು.

ಸಾರದಲ್ಲಿದ್ದ ಕಲ್ಮಶವನ್ನು ತೆಗೆಯಲು 1921ರ ಡಿಸೆಂಬರಿನಲ್ಲಿ ಜೇಮ್ಸ್ ಕಾಲಿಪ್ ಎಂಬ ಜೀವರಸಾಯನ ತಜ್ಞರು ಜೊತೆಗೂಡಿದರು. ಅದೇ ವರ್ಷ ರುಮೇನಿಯಾ ದೇಶದ ನಿಕೊಲಾಯ್ ಪೌಲೆಸ್ಕು ಎಂಬ ವಿಜ್ಞಾನಿಯೂ ಇಂಥದೇ ಪ್ರಯೋಗದ ಫಲವನ್ನು ಪ್ರಕಟಿಸಿದ್ದರು. ಅವರ ಹೆಸರು ಬಹುಕಾಲ ಮರೆಯಲ್ಲೇ ಉಳಿಯಿತು.

ಮೊದಲು ಬದುಕಿದ ಮಕ್ಕಳು

ಇನ್ಸುಲಿನ್ ಬರುವ ಮುನ್ನ ಮಗುವಿಗೆ ಮಧುಮೇಹ ಬಂತೆಂದರೆ ಆ ಮನೆಯ ದೀಪ ಆರಿದಂತೆಯೇ ಸರಿ. ಕೀಲಿಕೈ ಇಲ್ಲದೆ ಸಕ್ಕರೆ ಕೋಶಗಳನ್ನು ಸೇರದೆ ರಕ್ತದಲ್ಲೇ ಉಳಿಯುತ್ತದೆ. ಮೂತ್ರಪಿಂಡಗಳು ಅದನ್ನು ಹೊರಹಾಕಲು ನೀರನ್ನೂ ಜೊತೆಗೆ ಸೆಳೆದುಕೊಳ್ಳುವುದರಿಂದ ಪದೇ ಪದೇ ಮೂತ್ರ, ಅದರಿಂದ ತಣಿಯದ ಬಾಯಾರಿಕೆ. ಸೌದೆ ಸಿಗದ ದೇಹ ತನ್ನ ಕೊಬ್ಬನ್ನೂ ಮಾಂಸವನ್ನೂ ಸುಡತೊಡಗುತ್ತದೆ. ಮಗು ಎಷ್ಟು ಉಂಡರೂ ಬಡವಾಗುತ್ತದೆ. ಕೊಬ್ಬು ಸುಟ್ಟ ಆಮ್ಲಗಳು ರಕ್ತದಲ್ಲಿ ಶೇಖರವಾಗಿ ವಾಂತಿ, ಏದುಸಿರು, ಕೊಳೆತ ಹಣ್ಣಿನಂಥ ಉಸಿರಿನ ವಾಸನೆ, ಕೊನೆಗೆ ಪ್ರಜ್ಞಾಹೀನತೆ ಬರುತ್ತದೆ. ನಮ್ಮ ವಿದ್ಯಾರ್ಥಿನಿಯಲ್ಲಿ ನಾವು ಕಂಡೂ ಕಾಣದೆ ಹೋದದ್ದು ಇವೇ ಲಕ್ಷಣಗಳನ್ನು. ನಮ್ಮ ಪ್ರಾಚೀನರಾದ ಚರಕ, ಸುಶ್ರುತರು ಈ ರೋಗವನ್ನು ಬಲ್ಲವರಾಗಿದ್ದು, ಮೂತ್ರ ಜೇನಿನಂತೆ ಸಿಹಿಯಾಗುವುದನ್ನು ಗುರುತಿಸಿಯೇ ಮಧುಮೇಹವೆಂದು ಕರೆದರು. ಆದರೂ ಇಂಥ ಮಗುವನ್ನು ಉಳಿಸುವ ಔಷಧ ಎಲ್ಲಿಯೂ ಇರಲಿಲ್ಲ. ಪಾಶ್ಚಾತ್ಯ ವೈದ್ಯರಿಗೆ ಉಳಿದಿದ್ದ ಒಂದೇ ದಾರಿ ಮಗುವನ್ನು ಅರೆಹೊಟ್ಟೆಯಲ್ಲಿಟ್ಟು ಸಾವನ್ನು ಕೆಲವು ತಿಂಗಳು ಮುಂದೂಡುವುದು.

ಅಂಥ ಸ್ಥಿತಿಯಲ್ಲಿದ್ದವನು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್. ತೂಕ ಸುಮಾರು 29 ಕಿಲೋ. 1922ರ ಜನವರಿ 11ರಂದು ಟೊರಾಂಟೊದ ಆಸ್ಪತ್ರೆಯಲ್ಲಿ ಅವನಿಗೆ ಮೊದಲ ಚುಚ್ಚುಮದ್ದು ಕೊಡಲಾಯಿತು. ಔಷಧ ಶುದ್ಧವಾಗಿರದೆ ಚುಚ್ಚಿದ ಜಾಗ ಕೀವುಗಟ್ಟಿತು. ಸಕ್ಕರೆ ಅಷ್ಟಾಗಿ ಇಳಿಯಲಿಲ್ಲ. ಕಾಲಿಪ್ ಹಗಲಿರುಳೆನ್ನದೆ ದುಡಿದು ಶುದ್ಧಗೊಳಿಸಿದ ಸಾರವನ್ನು ಜನವರಿ 23ರಂದು ಕೊಟ್ಟಾಗ, ಒಂದು ದಿನದೊಳಗೆ ರಕ್ತದ ಸಕ್ಕರೆ 520ರಿಂದ 120 ಮಿಲಿಗ್ರಾಮಿಗೆ ಇಳಿಯಿತು. ಸಾವಿನ ಹೊಸ್ತಿಲಲ್ಲಿದ್ದ ಬಾಲಕ ಮತ್ತೆ 13 ವರ್ಷ ಬದುಕಿದನು.

ಆ ವರ್ಷದ ಬೇಸಿಗೆಯಲ್ಲಿ ಅಮೆರಿಕದಿಂದ ಟೆಡ್ಡಿ ರೈಡರ್ ಎಂಬ ಐದು ವರ್ಷದ ಮಗುವನ್ನು ಬ್ಯಾಂಟಿಂಗರ ಬಳಿಗೆ ಕರೆತಂದರು. ತೂಕ ಸುಮಾರು 12 ಕಿಲೋ ಮಾತ್ರ. ಚೇತರಿಸಿಕೊಂಡ ಬಾಲಕ ತಾನೀಗ ಮೈತುಂಬಿಕೊಂಡಿರುವುದನ್ನೂ ಮರ ಹತ್ತುತ್ತಿರುವುದನ್ನೂ ತನ್ನ ಕೈಯಾರೆ ಕಾಗದ ಬರೆದು ವೈದ್ಯರಿಗೆ ತಿಳಿಸಿದನು. ಅವನು ಇನ್ಸುಲಿನ್ ಪಡೆಯುತ್ತಲೇ 70 ವರ್ಷಕ್ಕೂ ಹೆಚ್ಚು ಬಾಳಿ 1993ರಲ್ಲಿ ತೀರಿಕೊಂಡನು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯ ಮಗಳಾದ ಎಲಿಜಬೆತ್ ಹ್ಯೂಸ್ ಎಂಬ ಬಾಲಕಿಯೂ ಆಗಲೇ ಬಂದಳು. ಮೂಳೆ ಚರ್ಮ ಮಾತ್ರ ಉಳಿದಿದ್ದ ಆಕೆ ಪದವಿ ಪಡೆದು, ವಿವಾಹವಾಗಿ, ಮೂರು ಮಕ್ಕಳ ತಾಯಿಯಾಗಿ 1981ರವರೆಗೆ ಬದುಕಿದರು. ಆದರೆ ತಮಗೆ ಈ ಕಾಯಿಲೆ ಇರುವುದನ್ನು ಜೀವನದುದ್ದಕ್ಕೂ ಬಹುಪಾಲು ಜನರಿಂದ ಮರೆಮಾಚಿದರು. ಅಷ್ಟು ದೊಡ್ಡ ಮನೆತನದ, ಅಷ್ಟು ಓದಿದ ಮಹಿಳೆಗೂ ಆ ಅಳುಕು ತಪ್ಪಲಿಲ್ಲ. ಹೀಗಿರುವಾಗ ನಮ್ಮ ಬೆಟ್ಟದೂರುಗಳ ತಾಯಂದಿರು ಅಳುಕಿದರೆ ಆಶ್ಚರ್ಯವಿಲ್ಲ.

ಒಂದು ಡಾಲರಿನ ದಾನ

ಇನ್ಸುಲಿನ್ ಹಕ್ಕುಪತ್ರವನ್ನು ತಮ್ಮಲ್ಲಿಯೇ ಇಟ್ಟುಕೊಂಡಿದ್ದರೆ ಬ್ಯಾಂಟಿಂಗ್ ಮತ್ತು ಅವರ ಸಂಗಡಿಗರು ಕುಬೇರರಾಗುತ್ತಿದ್ದರು. ಪ್ರಾಣ ಉಳಿಸುವ ಔಷಧದಿಂದ ವೈದ್ಯನು ಲಾಭ ಪಡೆಯಬಾರದೆಂಬ ಭಾವನೆಯಿಂದ ಬ್ಯಾಂಟಿಂಗ್ ಮೊದಲು ಹಕ್ಕುಪತ್ರದಲ್ಲಿ ತಮ್ಮ ಹೆಸರು ಬೇಡವೆಂದೇ ಇದ್ದರು. ಕೊನೆಗೆ 1923ರಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಲಾ ಒಂದು ಡಾಲರಿಗೆ ಆ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು.

ಅದೇ ವರ್ಷ ನೊಬೆಲ್ ಪಾರಿತೋಷಕವು ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯೋಡ್ ಇಬ್ಬರಿಗೆ ಘೋಷಿತವಾಯಿತು. ಆಗ ಬ್ಯಾಂಟಿಂಗರಿಗೆ 32 ವರ್ಷ ತುಂಬಿರಲಿಲ್ಲ. ವೈದ್ಯಶಾಸ್ತ್ರದ ನೊಬೆಲ್ ಪಡೆದವರಲ್ಲಿ ಇಂದಿಗೂ ಅವರೇ ಅತ್ಯಂತ ಕಿರಿಯರು. ಬೆಸ್ಟ್ ಅವರನ್ನು ಕೈಬಿಟ್ಟದ್ದು ಕಂಡು ಕೋಪಗೊಂಡ ಬ್ಯಾಂಟಿಂಗ್ ತಮ್ಮ ಹಣದ ಅರ್ಧವನ್ನು ಅವರಿಗೆ ಕೊಟ್ಟರು. ಮ್ಯಾಕ್ಲಿಯೋಡ್ ತಮ್ಮ ಅರ್ಧವನ್ನು ಕಾಲಿಪ್ ಅವರೊಂದಿಗೆ ಹಂಚಿಕೊಂಡರು. ಬ್ಯಾಂಟಿಂಗ್ ದೇವಮಾನವರೇನೂ ಆಗಿರಲಿಲ್ಲ. ಮುಂಗೋಪಿ, ಸಂಶಯ ಸ್ವಭಾವ. ಕಾಲಿಪ್ ಅವರೊಂದಿಗೆ ಪ್ರಯೋಗಾಲಯದಲ್ಲೇ ಜಗಳವಾಡಿದ್ದರು. ಮ್ಯಾಕ್ಲಿಯೋಡ್ ಅವರ ವಿಷಯದಲ್ಲಿ ಕಹಿಯನ್ನು ಬಿಡಲೇ ಇಲ್ಲ. ನಾಲ್ವರ ಶ್ರಮವೂ ಸೇರದೆ ಈ ಔಷಧ ಸಿದ್ಧವಾಗುತ್ತಿರಲಿಲ್ಲವೆಂಬುದು ಇಂದಿನ ಚರಿತ್ರಕಾರರ ಅಭಿಪ್ರಾಯ.

ಮುಂದಿನ ವರ್ಷಗಳಲ್ಲಿ ಅವರು ಬೇರೆ ಸಂಶೋಧನೆಗಳಲ್ಲಿ ತೊಡಗಿದರು. ಬಿಡುವಿನಲ್ಲಿ ಕೆನಡಾದ ಹಿಮಪ್ರದೇಶಗಳಲ್ಲಿ ಸಂಚರಿಸಿ ಚಿತ್ರ ಬರೆಯುವುದು ಅವರಿಗೆ ಅಚ್ಚುಮೆಚ್ಚು. 1934ರಲ್ಲಿ ಬ್ರಿಟಿಷ್ ಸರ್ಕಾರ ಸರ್ ಪದವಿ ನೀಡಿತು. ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಸೈನ್ಯದ ವೈದ್ಯಕೀಯ ಸಂಶೋಧನೆಗೆ ನಿಂತರು. ಆ ಕೆಲಸದ ಮೇಲೆ ಇಂಗ್ಲೆಂಡಿಗೆ ಹೊರಟಾಗ ವಿಮಾನವು ನ್ಯೂಫೌಂಡ್‌ಲ್ಯಾಂಡಿನಲ್ಲಿ ಅಪಘಾತಕ್ಕೀಡಾಗಿ, 1941ರ ಫೆಬ್ರವರಿ 21ರಂದು 49ನೆಯ ವಯಸ್ಸಿನಲ್ಲಿ ನಿಧನರಾದರು. ಆ ರಾತ್ರಿಯ ಆಲೋಚನೆ ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ. ಅದರ ಅಂಗಳದಲ್ಲಿ 1989ರಲ್ಲಿ ಹೊತ್ತಿಸಿದ ಜ್ಯೋತಿಯೊಂದು, ಮಧುಮೇಹವನ್ನು ಪೂರ್ತಿ ಗುಣಪಡಿಸುವ ದಾರಿ ದೊರೆಯುವವರೆಗೆ ಉರಿಯಲೆಂಬ ಸಂಕಲ್ಪದಿಂದ ಇಂದಿಗೂ ಉರಿಯುತ್ತಿದೆ.

ಅವರು ಹೇಳಿಹೋದ ಎಚ್ಚರಿಕೆ

ಇನ್ಸುಲಿನ್ ರೋಗವನ್ನು ಬೇರುಸಹಿತ ಕೀಳುವ ಮದ್ದಲ್ಲ, ಬದುಕಿಗೆ ಆಸರೆಯಾಗುವ ಚಿಕಿತ್ಸೆ ಮಾತ್ರವೆಂದು ಬ್ಯಾಂಟಿಂಗ್ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಸ್ಪಷ್ಟಪಡಿಸಿದ್ದರು. ಆ ಮಾತಿನ ಅರ್ಥ ಮುಂದಿನ ದಶಕಗಳಲ್ಲಿ ತಿಳಿಯಿತು. ಹಿಂದೆ ರೋಗಿಗಳು ಬೇಗ ಸಾಯುತ್ತಿದ್ದರು. ಈಗ ಹತ್ತಾರು ವರ್ಷ ಬದುಕತೊಡಗಿದರು. ಹಾಗೆ ಬದುಕಿದವರಲ್ಲಿ ಹೆಚ್ಚಿನ ಸಕ್ಕರೆ ಸದ್ದಿಲ್ಲದೆ ಮಾಡುವ ಹಾನಿ ಕಾಣಿಸಿಕೊಂಡಿತು.

ಈ ಹಾನಿಯ ಮೂಲ ರಕ್ತನಾಳಗಳಲ್ಲಿದೆ. ಕಣ್ಣಿನ ಹಿಂಪರದೆಯ ಕೂದಲೆಳೆಯಂಥ ನಾಳಗಳು ಸೋರಿ ದೃಷ್ಟಿ ಮಂಕಾಗುತ್ತದೆ. ಮೂತ್ರಪಿಂಡದ ಜರಡಿ ಕೆಟ್ಟು ಕಾಲು ಬಾವು ಬರುತ್ತದೆ. ಪಾದದ ನರಗಳು ಮರಗಟ್ಟಿ, ಹೊಲದಲ್ಲಿ ಮುಳ್ಳು ತುಳಿದರೂ ತಿಳಿಯದೆ ಹುಣ್ಣಾಗಿ, ಕಾಲನ್ನೇ ಕತ್ತರಿಸುವ ಸ್ಥಿತಿ ಬರಬಹುದು. ಹೃದಯದ ಹಾಗೂ ಮೆದುಳಿನ ನಾಳಗಳು ಕಟ್ಟಿಕೊಂಡರೆ ಹೃದಯಾಘಾತ, ಲಕ್ವ. ಆದರೆ ಇವೆಲ್ಲ ಹಣೆಬರಹವಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಬಹಳಷ್ಟು ಕಡಿಮೆಯಾಗುವುದೆಂದು 1993ರಲ್ಲಿ ಪ್ರಕಟವಾದ ಅಮೆರಿಕದ ಬೃಹತ್ ಅಧ್ಯಯನ ಸಿದ್ಧಪಡಿಸಿತು.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮಧುಮೇಹ ಮೊದಲನೆಯ ಬಗೆಯದು. ದೇಹದ ರಕ್ಷಣಾ ವ್ಯವಸ್ಥೆಯೇ ದ್ವೀಪಗಳನ್ನು ನಾಶಮಾಡುವುದರಿಂದ ಇದು ಬರುತ್ತದೆ. ಮಗು ಸಿಹಿ ತಿಂದದ್ದರಿಂದಲೂ ತಾಯಿಯ ಅಲಕ್ಷ್ಯದಿಂದಲೂ ಬಂದದ್ದಲ್ಲ. ಅಂಟುವ ರೋಗವೂ ಅಲ್ಲ. ಇವರಿಗೆ ಇನ್ಸುಲಿನ್ ಬಿಟ್ಟರೆ ಬೇರೆ ಮದ್ದಿಲ್ಲ. ಯಾರೋ ಹೇಳಿದ ಬೇರು ಸೊಪ್ಪನ್ನು ನಂಬಿ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ದೊಡ್ಡವರಲ್ಲಿ ಹೆಚ್ಚಾಗಿ ಬರುವುದು ಎರಡನೆಯ ಬಗೆ. ಇಲ್ಲಿ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಮಣಿಯುವುದಿಲ್ಲ. ವಂಶದ ಒಲವು, ಹೊಟ್ಟೆಯ ಬೊಜ್ಜು, ನಡೆದಾಟ ಕಡಿಮೆಯಾದದ್ದು ಇದಕ್ಕೆ ಕಾರಣಗಳು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನ ಮಧುಮೇಹಿಗಳಿದ್ದಾರೆ.

ನಮ್ಮ ತಾಳವಾಡಿ ಬೆಟ್ಟಗಳ ಹಿರಿಯರು ಇದು ಪೇಟೆಯವರ ಕಾಯಿಲೆಯೆಂದು ಭಾವಿಸಿದ್ದರು. ರಾಗಿ, ಸಾಮೆ, ಹುರುಳಿ, ಅವರೆ ಉಂಡು, ದಿನವಿಡೀ ಹೊಲದಲ್ಲಿ ದುಡಿದು, ಸಂತೆಗೂ ನಡೆದೇ ಹೋಗುತ್ತಿದ್ದವರು ಅವರು. ಇಂದು ಮೂರು ಹೊತ್ತೂ ಅಕ್ಕಿಯ ಅನ್ನ, ಅಂಗಡಿಯ ತಿಂಡಿ, ಮನೆ ಬಾಗಿಲಿಗೆ ಮೋಟಾರು ಸೈಕಲ್. ಶುಗರ್ ಎಂಬ ಮಾತು ಈಗ ಪ್ರತಿ ಬೀದಿಯಲ್ಲೂ ಕೇಳುತ್ತದೆ. ರಾಗಿಯನ್ನು ಎಷ್ಟಾದರೂ ಉಣ್ಣಬಹುದೆಂಬ ನಂಬಿಕೆಯೂ ಸರಿಯಲ್ಲ. ರಾಗಿಯೂ ಸಕ್ಕರೆಯಾಗಿಯೇ ರಕ್ತ ಸೇರುತ್ತದೆ. ಮುದ್ದೆಯ ಗಾತ್ರ ಕಿರಿದಾಗಿ, ಸೊಪ್ಪು, ಕಾಳು, ತರಕಾರಿ ಹಿರಿದಾಗಬೇಕು. ಬೆಳಿಗ್ಗೆ ಬರಿಹೊಟ್ಟೆಯ ರಕ್ತದಲ್ಲಿ ಸಕ್ಕರೆ 100 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಸಹಜ. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಮಧುಮೇಹದ ಸೂಚನೆ. ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಮೂವತ್ತು ದಾಟಿದವರು ಆಗಾಗ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. 2021ರಿಂದ ತಮಿಳುನಾಡು ಸರ್ಕಾರದ ಮಕ್ಕಳೈ ತೇಡಿ ಮರುತ್ತುವಂ ಯೋಜನೆಯಲ್ಲಿ ರಕ್ತದೊತ್ತಡ, ಮಧುಮೇಹಗಳ ಮಾತ್ರೆಗಳು ಮನೆಬಾಗಿಲಿಗೇ ಬರುತ್ತಿವೆ. ಮಾತ್ರೆ ಬಂದರೆ ಸಾಲದು, ನುಂಗಬೇಕಾದವರು ನಾವು.

ನಮ್ಮ ಶಾಲೆಯ ಪಾಠ

ನಮ್ಮ ವಿದ್ಯಾರ್ಥಿನಿ ಆಸ್ಪತ್ರೆಯಿಂದ ಮರಳಿದಾಗ ಅವಳ ತಾಯಿ ನಮ್ಮ ಕೊಠಡಿಗೆ ಬಂದು, ವಿಷಯ ಯಾರಿಗೂ ತಿಳಿಯಬಾರದೆಂದು ಕಣ್ಣೀರಿಟ್ಟು ಕೇಳಿಕೊಂಡರು. ನಾಳೆ ಹೆಣ್ಣು ಕೇಳಲು ಯಾರು ಬರುತ್ತಾರೆಂಬುದು ಅವರ ಭಯ. ಆ ಭಯವನ್ನು ನಾವು ಹಗುರವಾಗಿ ಕಾಣಲಿಲ್ಲ. ಆದರೆ ಮುಚ್ಚಿಟ್ಟ ಇನ್ಸುಲಿನ್ ಒಂದು ಹೊತ್ತು ತಪ್ಪಿದರೂ ಅಪಾಯ. ಚುಚ್ಚಿಕೊಂಡು ಊಟ ತಪ್ಪಿದರೆ ಸಕ್ಕರೆ ತೀರ ಇಳಿದು ಅದೂ ಅಪಾಯ. ಆಗ ಪಕ್ಕದ ಗೆಳತಿಗೆ ವಿಷಯ ತಿಳಿಯದಿದ್ದರೆ ನೆರವಾಗುವವರು ಯಾರು? ಹಲವು ದಿನಗಳ ಮಾತುಕತೆಯ ಬಳಿಕ ತಾಯಿ ಒಪ್ಪಿದರು. ಮೊದಲು ನಾವು ಆ ಹುಡುಗಿಯಲ್ಲಿ ಅವಳ ತರಗತಿಯ ಮುಂದೆಯೇ ಕ್ಷಮೆ ಕೇಳಿದೆವು. ಅನಂತರ ಬ್ಯಾಂಟಿಂಗರ ಕಥೆಯನ್ನೂ ಮರ ಹತ್ತಿದ ಟೆಡ್ಡಿಯ ಕಥೆಯನ್ನೂ ಮಕ್ಕಳಿಗೆ ಹೇಳಿದೆವು.

ಅಂದಿನಿಂದ ಶಿಕ್ಷಕರ ಕೊಠಡಿಯಲ್ಲಿ ಸಕ್ಕರೆಯ ಡಬ್ಬಿಯೊಂದು ಇದೆ. ಮೈ ನಡುಗಿ, ಬೆವತು, ಮಾತು ತಡವರಿಸಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೊಟ್ಟು, ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕೆಂಬುದು, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕೆಂಬುದು ಅವಳ ತರಗತಿಯ ಮಕ್ಕಳಿಗೆಲ್ಲ ಬಾಯಿಪಾಠವಾಗಿತ್ತು. ಒಂದು ಸಲ ಕ್ರೀಡಾಂಗಣದಲ್ಲಿ ಆ ಪಾಠ ಪ್ರಯೋಜನಕ್ಕೂ ಬಂತು. ನಾವು ಅಲ್ಲಿಗೆ ತಲುಪುವ ಮುನ್ನವೇ ಗೆಳತಿಯರು ಸಕ್ಕರೆ ನೀರು ಕುಡಿಸಿಯಾಗಿತ್ತು.

ಬ್ಯಾಂಟಿಂಗರ ಕಾಲದಲ್ಲಿ ದನ, ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್ನನ್ನು 1982ರಿಂದ ಸೂಕ್ಷ್ಮಜೀವಿಗಳ ನೆರವಿನಿಂದ ತಯಾರಿಸಿ ಮಾರಲಾಗುತ್ತಿದೆ. 2004ರಿಂದ ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ ಅದನ್ನು ತಯಾರಿಸುತ್ತಿದೆ. ಟೊರಾಂಟೊದ ಇಕ್ಕಟ್ಟಾದ ಕೋಣೆಯಲ್ಲಿ ಹುಟ್ಟಿದ ಔಷಧ ಇಂದು ನಮ್ಮ ನೆರೆಯಲ್ಲೇ ಸಿದ್ಧವಾಗುತ್ತಿದೆ. ಲಿಯೊನಾರ್ಡ್ ಮೊದಲ ಚುಚ್ಚುಮದ್ದು ಪಡೆದ ಆ ದಶಕದಲ್ಲಿಯೇ, ಆಗ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಬೆಟ್ಟಗಳಲ್ಲಿ ನಮ್ಮ ಶಾಲೆಯೂ ಬಾಗಿಲು ತೆರೆಯಿತು. ಆ ಮೊದಲ ದಿನಗಳಲ್ಲಿ ಕಾರಣ ತಿಳಿಯದೆ ಬಾಡಿಹೋದ ಮಕ್ಕಳೂ ಇಲ್ಲಿ ಇದ್ದಿರಬಹುದು. ಇನ್ನು ಮುಂದೆ ಅಜ್ಞಾನದಿಂದ ಒಂದು ಮಗುವನ್ನೂ ಕಳೆದುಕೊಳ್ಳಬಾರದು. ಮಗು ಅತಿಯಾಗಿ ನೀರು ಕುಡಿದರೆ, ಪದೇ ಪದೇ ಮೂತ್ರಕ್ಕೆ ಹೋದರೆ, ಬಿಟ್ಟಿದ್ದ ಅಭ್ಯಾಸ ಮರಳಿ ರಾತ್ರಿ ಹಾಸಿಗೆ ಒದ್ದೆಯಾದರೆ, ಕಾರಣವಿಲ್ಲದೆ ಬಡವಾದರೆ, ಪೋಷಕರು ಒಂದು ದಿನವೂ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕೆಂದು ಬೇಡಿಕೊಳ್ಳುತ್ತೇವೆ.

ಆ ಹುಡುಗಿ ಈಗ ಘಟ್ಟದ ಕೆಳಗಿನ ಕಾಲೇಜೊಂದರಲ್ಲಿ ಓದುತ್ತಿದ್ದಾಳೆ. ಹೆಸರು ಹೇಳದೆ ತನ್ನ ಸಂಗತಿಯನ್ನು ಬರೆಯಲು ಸಂತೋಷದಿಂದ ಒಪ್ಪಿದ್ದಾಳೆ. ಅವಳು ಕಲಿಸಿಹೋದ ಒಂದು ನಿಯಮ ನಮ್ಮ ಶಾಲೆಯಲ್ಲಿ ಇಂದಿಗೂ ಜಾರಿಯಲ್ಲಿದೆ: ಪಾಠದ ನಡುವೆ ಹೊರಗೆ ಹೋಗಬೇಕೆಂದು, ನೀರು ಕುಡಿಯಬೇಕೆಂದು ಕೇಳಿದ ಯಾವ ಮಗುವಿಗೂ ಇಲ್ಲವೆನ್ನುವುದಿಲ್ಲ. ಎರಡನೆಯ ಸಲ ಕೇಳಿದರೆ ಗದರುವುದಿಲ್ಲ; ಹತ್ತಿರ ಕರೆದು ವಿಚಾರಿಸುತ್ತೇವೆ.